ನಮ್ಮ ಮನೆಯ ಜಪಾನ್ ಶಾವಿಗೆ

ಇನ್ನೂ ಅರ್ಧ ಪಂಚೆ ಖಾಲಿಯಿತ್ತು. ಬಿಸಿಲು ನೆತ್ತಿಗೇರುವುದರೊಳಗೆ ಅಷ್ಟಕ್ಕೂ ಸಂಡಿಗೆ ಇಟ್ಟು ಮುಗಿಸಬೇಕೆಂದು ನಾನು ತಾರಸಿಯ ಮೇಲೆ ಮೊಣಕಾಲೂರಿ ಕೂತಿದ್ದೆ. ಆಗ ಮೇಲಿನ ರೂಮಿನ ಬಾಗಿಲು ತೆರೆದು ಸಚಿಕೋ ಹೊರಗೆ ಬಂದಳು. ಜಪಾನಿನ ಹುಡುಗಿ. ಯೋಗ ಕಲಿಯಲು ಮೈಸೂರಿಗೆ ಬಂದು, ಒಂಟಿಕೊಪ್ಪಲಿನ ನಮ್ಮ ಮನೆಯ ಮಹಡಿ ರೂಮಿಗೆ ಬಾಡಿಗೆಗೆ ಸೇರಿ ಆಗಿನ್ನೂ ಎಂಟು ದಿನ. ನನ್ನನ್ನು ನೋಡಿದಳು, ಹಿಟ್ಟನ್ನು ನೋಡಿದಳು, ಒಳಗೆ ಹೋಗಿ ಕೈ ತೊಳೆದು ಬಂದು ಎದುರಿಗೆ ಕೂತಳು. ಒಂದು ಗಂಟೆಯಲ್ಲಿ ಪಂಚೆ ತುಂಬಿತು. ನನ್ನ ಸಂಡಿಗೆಗಳು ನಮ್ಮ ವಂಶದವರ ಮೂಗಿನ ಹಾಗೆ ಒಂದೊಂದು ಒಂದೊಂದು ಥರ ಇದ್ದವು. ಅವಳವು ಅಚ್ಚಿನಲ್ಲಿ ಒತ್ತಿದ ಹಾಗಿದ್ದವು.

ಕೆಲಸ ಮಾಡಿದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಒಂದು ಸ್ಟೀಲ್ ಡಬ್ಬಿಯ ತುಂಬ ಚಿತ್ರಾನ್ನ ಹಾಕಿ ಕೊಟ್ಟೆ. ನಾನು ಮಾಡಿದ್ದು ಇಷ್ಟೇ. ಮುಂದೆ ಬೀದಿಯಲ್ಲಿ ಆದದ್ದಕ್ಕೆಲ್ಲ ನಾನು ಹೊಣೆಯಲ್ಲ.

ಮಾರನೆಯ ದಿನ ಡಬ್ಬಿ ವಾಪಸು ಬಂತು. ಒಳಗೆ ಹಸಿರು ಬಣ್ಣದ ಬಿಸ್ಕತ್ತು, ಮೇಲೊಂದು ಚೌಕಳಿ ಬಟ್ಟೆಯ ಗಂಟು. ಸಚಿಕೋ ಸೊಂಟದ ತನಕ ಬಗ್ಗಿ, ಹೊಸದಾಗಿ ಕಲಿತ ಕನ್ನಡದಲ್ಲಿ, "ತಗೊಂಡ್ರೆ, ಕೊಡಬೇಕು. ನಮ್ಮೂರಲ್ಲಿ. ಇಲ್ಲಾಂದ್ರೆ ನಮ್ಮಮ್ಮ ಬೈತಾರೆ" ಎಂದಳು.

ನಮ್ಮಮ್ಮನೂ ಬೈಯುತ್ತಿದ್ದಳು. ಬೇರೆಯವರ ಮನೆಯ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು, ಎನ್ನುವ ಮನೆಯಿಂದ ಬಂದವಳು ನಾನು. ಪಾತ್ರೆ ನನ್ನದೇ ಆದರೂ ಅದರಲ್ಲಿ ಅವಳ ಬಿಸ್ಕತ್ತು ಬಂದಿತ್ತಲ್ಲ! ಹುಳಿಯವಲಕ್ಕಿ ತುಂಬಿ ಕಳಿಸಿದೆ. ಅವಳು ಏನೋ ಉಪ್ಪುಪ್ಪು ಕಾಳು ತುಂಬಿ ಕಳಿಸಿದಳು. ನಾನು ಒಬ್ಬಟ್ಟು ಕಳಿಸಿದೆ. ಎರಡು ದೇಶಗಳ ಇಬ್ಬರು ತಾಯಂದಿರು ಬೈದ ಬೈಗುಳ ಸೇರಿ, ಆ ಡಬ್ಬಿ ಮೆಟ್ಟಿಲು ಹತ್ತಿ ಇಳಿಯತೊಡಗಿತು. ನಿಲ್ಲಿಸಲು ಇಬ್ಬರಿಗೂ ಧೈರ್ಯವಿಲ್ಲ.

ನಮ್ಮ ಯಜಮಾನರಾದ ಮಹದೇವು ಅವರು ಆ ಹಸಿರು ಬಿಸ್ಕತ್ತನ್ನು ಕಡಿದು, "ಮೈಸೋಪು ತಿಂದಂಗದೆ ಕಣೇ" ಎಂದು ತೀರ್ಪು ಕೊಟ್ಟಿದ್ದರು.

ಅದೇ ವಾರ ಮಂಟಯ್ಯನವರ ಕಾರ್ಡು ಬಂತು.

ಮಂಟಯ್ಯನವರೂ ನಮ್ಮ ಯಜಮಾನರೂ ಮೂವತ್ತು ವರ್ಷ ಒಂದೇ ನೀರಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡಿದವರು. ಇವರು ಮೇಸ್ತ್ರಿ, ಅವರು ಮೋಟಾರು ನೋಡಿಕೊಳ್ಳುವವರು. ಮೋಟಾರಿನ ಪಕ್ಕ ಕೂತೂ ಕೂತೂ ಅವರ ಕಿವಿ ಮಂದವಾಯಿತು. ಫೋನು ಮಾಡಿದರೆ ಪ್ರಯೋಜನವಿಲ್ಲ. ಅದಕ್ಕೇ ಕಾರ್ಡು. ಪ್ರತಿ ವರ್ಷ ಬುದ್ಧ ಪೂರ್ಣಿಮೆಗೆ ಎರಡು ತಿಂಗಳಿರುವಾಗ ರಾಜೀವನಗರದಿಂದ ಬರುತ್ತದೆ: "ಹುಣ್ಣಿಮೆಯ ದಿನ ತಂಗ್ಯಮ್ಮನವರನ್ನು ಕರೆದುಕೊಂಡು ನಮ್ಮ ಮನೆಗೆ ಊಟಕ್ಕೆ ಬನ್ನಿ." ತಂಗ್ಯಮ್ಮ ಅಂದರೆ ನಾನು. ಆರು ವರ್ಷದಲ್ಲಿ ಆರು ಕಾರ್ಡು. ಒಂದಕ್ಕೂ ಜವಾಬು ಹೋಗಿಲ್ಲ. ಏಳನೆಯದರಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: "ಬರುವುದಿಲ್ಲ ಎಂದಾದರೂ ಬರೆಯಿರಿ. ಈ ಸಲವೂ ಬರೆಯದಿದ್ದರೆ ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ."

ನಾನು ಕಾರ್ಡನ್ನು ಅವರ ಕಾಫಿ ಲೋಟದ ಕೆಳಗಿಟ್ಟೆ.

"ಬರೀತೀನಿ ಬುಡು" ಅಂದರು. "ಕಾಗದ ಅಂದ್ರೆ ಸುಮ್ನೆ ಆಯ್ತದಾ? ಒಕ್ಕಣೆ ಕೂಡಿಬರಬೇಕು."

"ಏಳು ವರ್ಷದಿಂದ ಕೂಡಿಬಂದಿಲ್ವಲ್ರೀ."

"ದೊಡ್ಡ ಒಕ್ಕಣೆ ಕಣೇ ಅದು."

ಕಾರಣ ನನಗೂ ಗೊತ್ತಿತ್ತು, ಮಂಟಯ್ಯನವರಿಗೂ ಗೊತ್ತಿತ್ತು. ಅವರ ಜಾತಿ ಬೇರೆ. ನಮ್ಮವರ ಲೆಕ್ಕದಲ್ಲಿ ಕೆಳಗಿನದು. ಪಂಪ್‌ಹೌಸಿನ ಎದುರಿನ ಟೀ ಅಂಗಡಿಯ ಲೋಟಕ್ಕೆ ಜಾತಿಯಿಲ್ಲವಂತೆ, ಮನೆಯ ತಟ್ಟೆಗೆ ಇದೆಯಂತೆ. ಇದನ್ನು ನಮ್ಮ ಯಜಮಾನರು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ, ಹೇಳುವಷ್ಟು ಕೆಟ್ಟವರೂ ಅಲ್ಲ. ಬರೀ ಒಕ್ಕಣೆ ಹುಡುಕುತ್ತಿದ್ದರು.

ನನಗೋ, ಹೋಗಲೇಬೇಕಿತ್ತು. ಮಂಟಯ್ಯನವರ ಹೆಂಡತಿ ತಿಮ್ಮಮ್ಮ ನನ್ನ ಬೆಂಚ್‌ಮೇಟು. ನಗಬೇಡಿ. ಐವತ್ತೆರಡು ವರ್ಷಕ್ಕೆ ನಾನು ರಾತ್ರಿ ಶಾಲೆಗೆ ಸೇರಿದಾಗ ಅವಳೂ ಸೇರಿದ್ದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಮೇಷ್ಟ್ರು ಹಲಗೆಯ ಕಡೆ ತಿರುಗಿದಾಗ ಅವಳ ಡಬ್ಬಿಯಿಂದ ಕದ್ದು ತಿಂದು, ಹತ್ತನೇ ಕ್ಲಾಸು ಪಾಸಾದೆವು. ಮನೆಯಲ್ಲಿ ಪಾಸಾದ ವಿಷಯ ಮಾತ್ರ ಹೇಳಿದ್ದೆ.

ಹೀಗಿರುವಾಗ ಒಂದು ಗುರುವಾರ ಮಹಡಿಯಿಂದ ಇಳಿದ ಡಬ್ಬಿಯಲ್ಲಿ ಬಿಸ್ಕತ್ತಿರಲಿಲ್ಲ. ಒತ್ತು ಶಾವಿಗೆ ಇತ್ತು, ಪಕ್ಕದ ಬಟ್ಟಲಿನಲ್ಲಿ ಕಾಯಿಹಾಲು.

ಯಜಮಾನರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ತೆರೆಯಲಿಲ್ಲ. ನಾನು ಗಾಬರಿಯಾಗಿ, "ರೀ!" ಎಂದೆ.

"ಸುಮ್ನಿರು. ನಮ್ಮವ್ವ ಕಾಣಿಸ್ತಾವ್ಳೆ."

ನಾನೂ ಒಂದು ತುತ್ತು ತಿಂದೆ. ಎಳೆ ಹತ್ತಿಯಂತೆ. ಕಾಯಿಹಾಲಿನಲ್ಲಿ ಗಸಗಸೆಯ ಜೊತೆ ಒಂದೇ ಒಂದು ಮೆಣಸಿನ ಕಾಳಿನ ಖಾರ. ಕಾಯಿಹಾಲಿಗೆ ಮೆಣಸು ಹಾಕುವವಳು ಈ ಮೈಸೂರಿನಲ್ಲಿ ಒಬ್ಬಳೇ. ಅವಳ ಪಕ್ಕ ನಾನು ಮೂರು ವರ್ಷ ಕೂತಿದ್ದೆ.

ಆಮೇಲೆ ಸಚಿಕೋಳಿಂದ ತಿಳಿದದ್ದು: ಅವಳು ಊರಿನಿಂದ ತಂದ ತಿಂಡಿಯೆಲ್ಲ ತೀರಿಹೋಗಿತ್ತು. ರೂಮಿನಲ್ಲಿ ಅನ್ನ ಬೇಯಿಸುವ ಕರೆಂಟ್ ಕುಕ್ಕರು ಬಿಟ್ಟರೆ ಏನೂ ಇಲ್ಲ. ಕೊಡದಿದ್ದರೆ ಅಮ್ಮ ಬೈಯುತ್ತಾರೆ. ಯೋಗದ ಕ್ಲಾಸಿಗೆ ಮಧ್ಯಾಹ್ನದ ಅಡುಗೆ ಮಾಡಿ ಆಟೋದಲ್ಲಿ ತರುವವಳು ತಿಮ್ಮಮ್ಮ. ಹುಡುಗಿ ನಮ್ಮ ಡಬ್ಬಿಯನ್ನು ಅವಳ ಕೈಗಿಟ್ಟು, ನಾಳೆ ಇದರ ತುಂಬ ಏನಾದರೂ ಒಳ್ಳೆಯದು ಕೊಡಿ ಎಂದಿದ್ದಾಳೆ. ಡಬ್ಬಿಯ ಮೇಲೆ ಪಾತ್ರೆ ಅಂಗಡಿಯವನು ಕೊರೆದ ಅಕ್ಷರ: ಮಹದೇವು, ಒಂಟಿಕೊಪ್ಪಲ್. ತಿಮ್ಮಮ್ಮ ಅದನ್ನು ಓದಿದ್ದಾಳೆ. ಓದಲಿಕ್ಕೆಂದೇ ತಾನೇ ನಾವಿಬ್ಬರೂ ಅಷ್ಟು ಕಷ್ಟಪಟ್ಟದ್ದು?

"ಎಂಥಾ ಕೈ ಕಣೇ ಈ ಹುಡ್ಗೀದು!" ಅಂದರು ಯಜಮಾನರು. "ಜಪಾನಲ್ಲೂ ಶಾವಿಗೆ ಮಾಡ್ತರೆ ಅಂತ ಟಿವೀಲಿ ನೋಡಿದ್ದೆ. ಥೇಟ್ ನಮ್ಮದೇಯಾ!"

"ಅಲ್ರೀ, ರೂಮಲ್ಲಿ ಶಾವಿಗೆ ಒತ್ತೋ ಒರಳೇ ಇಲ್ವಲ್ಲ?"

"ಜಪಾನ್ ಟೆಕ್ನಾಲಜಿ. ಎಲ್ಲಾ ಸಣ್ಣದಾಗಿ ಮಡಚಿ ಇಟ್ಕೊಂಡಿರ್ತರೆ. ನಿಂಗೆಲ್ಲಿ ಕಾಣ್ತದೆ?"

ನಾನು ಸುಮ್ಮನಾದೆ. ತಾಳ್ಮೆ ನನ್ನ ಹುಟ್ಟುಗುಣ. ಅದೂ ಅಲ್ಲದೆ ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಪಾಲು ಶಾವಿಗೆ ಉಳಿದಿತ್ತು.

ಅಂದಿನಿಂದ ನಮ್ಮ ಯಜಮಾನರು ಜಪಾನ್ ಪಂಡಿತರಾದರು. ಬೆಳಗ್ಗೆ ಚೆಲುವಾಂಬ ಪಾರ್ಕಿನ ಕಲ್ಲುಬೆಂಚಿನ ಮೇಲೆ ಉಪನ್ಯಾಸ. ಸಕ್ಕರೆ ಕಾಯಿಲೆಗಾಗಿ ನಡೆಯಲು ಬಂದವರೆಲ್ಲ ನಿಂತು ಕೇಳಿದರು.

"ಜಪಾನಿಗೂ ನಮ್ಮ ಬನ್ನೂರಿಗೂ ಕರುಳ ಸಂಬಂಧ ಅದೆ ಕಣ್ರೀ. ನಿನ್ನೆ ಉಪ್ಸಾರು ಕಳ್ಸಿತ್ತು ಆ ಹುಡುಗಿ. ಉಪ್ಸಾರು! ಮೊನ್ನೆ ಹುರುಳಿಕಾಳು ಬಸ್ಸಾರು. ಟೋಕಿಯೋದಲ್ಲಿ ಹುರುಳಿ ಎಂಗೆ ಬೆಳೀತರೋ ಕಾಣೆ!"

"ಸಾರ್, ಅವರು ಮೀನು ತಿನ್ನೋರಲ್ವಾ?" ಎಂದರು ಯಾರೋ.

"ಅದು ಸಮುದ್ರದ ಕಡೆಯೋರು. ಇದು ಒಳನಾಡಿನ ಹುಡುಗಿ. ಒಂದು ಮಾತು ಕೇಳಿ, ಅದು ಬುದ್ಧನ ದಾರೀಲಿ ನಡೆಯೋ ಜನ. ಮನುಷ್ಯ ಮನುಷ್ಯನ ಮಧ್ಯೆ ಭೇದ ಇಲ್ಲ. ಅದ್ಕೇ ಕೈಯಲ್ಲಿ ಆ ರುಚಿ. ನಮ್ಮೋರಿಗೆ ಯಾವಾಗ ಬತ್ತದೋ ಆ ಬುದ್ಧಿ!"

ಇದನ್ನು ಹೇಳುವಾಗ ಅವರ ಜೇಬಿನಲ್ಲಿ, ಬುದ್ಧ ಪೂರ್ಣಿಮೆಯ ಊಟಕ್ಕೆ ಕರೆದ ಕಾರ್ಡು ನಾಲ್ಕು ಮಡಿಕೆಯಾಗಿ ಬೆವರುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಕರಿಬೇವಿನ ಗಿಡ ನೋಡುತ್ತಿದ್ದೆ.

ಪಕ್ಕದ ಮನೆಯ ಸುಮಿತ್ರಮ್ಮನವರಿಗೆ ತಡೆಯಲಾಗಲಿಲ್ಲ. ನಾಲ್ಕು ಇಡ್ಲಿಯನ್ನು, ಹದಿನಾಲ್ಕು ಇಡ್ಲಿ ಹಿಡಿಯುವ ಡಬ್ಬಿಯಲ್ಲಿ ಹಾಕಿ ಮಹಡಿಗೆ ಕಳಿಸಿದರು. ಮಾರನೆಯ ದಿನ ಡಬ್ಬಿ ತುಂಬಿ ಬಂತು. ಸಂಜೆಯ ಹೊತ್ತಿಗೆ ಸುದ್ದಿ ಹಾಲಿನ ಬೂತು ದಾಟಿತ್ತು. ಎದುರು ಮನೆಯ ಶುಭಾ ಎರಡು ಬಾಳೆಹಣ್ಣು ಹಾಕಿ ಕುಕ್ಕರ್ ಪಾತ್ರೆಯನ್ನೇ ಕಳಿಸಿದಳು. ಮೂಲೆ ಮನೆಯವರು ಒಂದು ಹಿಡಿ ಕಡಲೆಪುರಿ ಹಾಕಿ ಬಕೆಟ್ಟನ್ನು ಕಳಿಸಿದರು. ಎರಡು ವಾರದಲ್ಲಿ ನಮ್ಮ ಮಹಡಿಯ ಮೆಟ್ಟಿಲಿನ ಮೇಲೆ ಹನ್ನೊಂದು ಮನೆಯ ಪಾತ್ರೆಗಳು ರೇಷನ್ ಅಂಗಡಿಯ ಕ್ಯೂವಿನಂತೆ ಸಾಲು ನಿಂತವು.

ಪಾಪ, ಹುಡುಗಿ ಯಾರಿಗೂ ಇಲ್ಲ ಅನ್ನಲಿಲ್ಲ. ತಗೊಂಡರೆ ಕೊಡಬೇಕು. ಅವಳ ಕಣ್ಣಿನ ಕೆಳಗೆ ಕಪ್ಪು ಬಂತು. ಒಂದು ದಿನ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಮೈಸೂರು ಜನ ತುಂಬಾ ಒಳ್ಳೆಯವರು. ಸ್ವಲ್ಪ ಕಡಿಮೆ ಒಳ್ಳೆಯವರಾದರೆ ಸಾಕು" ಎಂದಳು.

ನಾನು ಅವಳಿಗೆ ಕಾಫಿ ಕೊಟ್ಟು, "ಹುಣ್ಣಿಮೆ ತನಕ ತಡ್ಕೋ ಮಗಳೇ" ಎಂದೆ. ಹುಣ್ಣಿಮೆಗೆ ಹನ್ನೆರಡು ದಿನವಿತ್ತು. ಜೇಬಿನ ಕಾರ್ಡು ಜೇಬಿನಲ್ಲೇ ಇತ್ತು. ಒಕ್ಕಣೆ ಕೂಡಿಬಂದಿರಲಿಲ್ಲ.

ಒಂಬತ್ತು ದಿನವಿರುವಾಗ ನಗರಪಾಲಿಕೆಯ ಹೆಲ್ತ್ ಇನ್ಸ್‌ಪೆಕ್ಟರು ಬಂದರು. ಯೋಗೇಂದ್ರ ಅಂತ ಹೆಸರು, ಒಳ್ಳೆಯ ಮನುಷ್ಯ. ಪರವಾನಗಿಯಿಲ್ಲದೆ ಮಹಡಿಯ ಮೇಲೆ ಹೋಟೆಲು ನಡೆಯುತ್ತಿದೆಯೆಂದು ಯಾರೋ ದೂರು ಕೊಟ್ಟಿದ್ದರಂತೆ. ಯಾರೆಂದು ನಾನು ಹೇಳುವುದಿಲ್ಲ. ಡಬ್ಬಿ ಕಳಿಸಿ ಮೂರು ದಿನವಾದರೂ ಶಾವಿಗೆ ಬರಲಿಲ್ಲವೆಂದು ಬೀದಿಯಲ್ಲಿ ಗೊಣಗಿದವರು ಸುಮಿತ್ರಮ್ಮ ಒಬ್ಬರೇ, ಅಷ್ಟೇ ನನಗೆ ಗೊತ್ತು.

ಇನ್ಸ್‌ಪೆಕ್ಟರ ಜೀಪು ನಿಂತದ್ದೇ ತಡ, ಹನ್ನೊಂದು ಮನೆಯವರೂ ನಮ್ಮ ಅಂಗಳಕ್ಕೆ ಬಂದರು. ತಮ್ಮ ತಮ್ಮ ಪಾತ್ರೆ ಜಪ್ತಿಯಾದೀತೆಂಬ ಭಯ. ಸುಮಿತ್ರಮ್ಮನವರು ಎಲ್ಲರಿಗಿಂತ ಮುಂದೆ.

"ಇದು ಹೋಟ್ಲಲ್ಲ ಸ್ವಾಮಿ" ಎಂದು ನಮ್ಮ ಯಜಮಾನರು ಎದೆ ಮುಂದೆ ಮಾಡಿದರು. "ಅಂತರರಾಷ್ಟ್ರೀಯ ಸಂಬಂಧ."

"ಸಂಬಂಧಕ್ಕೆ ನಮ್ಮಲ್ಲಿ ಫಾರಂ ಇಲ್ಲ, ಹೋಟೆಲಿಗಿದೆ" ಎಂದು ಇನ್ಸ್‌ಪೆಕ್ಟರು ಒಂದು ಹಾಳೆ ತೆಗೆದರು. ಜೇಬು ತಡಕಿದರು. "ಥತ್, ಕನ್ನಡಕ ಆಫೀಸಲ್ಲೇ ಬಿಟ್ಟೆ."

"ಕೊಡಿ ಇಲ್ಲಿ. ನನ್ನ ಅಕ್ಷರ ಮುತ್ತು. ಇಲಾಖೆಯೋರೆಲ್ಲ ಹೇಳೋರು." ಯಜಮಾನರು ಹಾಳೆಯನ್ನು ಕಿತ್ತುಕೊಂಡು ಜಗುಲಿಯ ಮೇಲೆ ಕೂತರು. ಮನೆ ನಂಬರು ಬರೆದರು, ಬೀದಿ ಬರೆದರು, ಎಲ್ಲರಿಗೂ ಕೇಳುವಂತೆ ಓದಿದರು. "ಅಡುಗೆ ಮಾಡುವವರ ಹೆಸರು. ಸ..ಚಿ.."

ಸಚಿಕೋ ಗಾಬರಿಯಿಂದ ಕೈ ಅಲ್ಲಾಡಿಸಿದಳು. "ನಾನಲ್ಲ, ನಾನಲ್ಲ! ನಾನು ಅನ್ನ ಮಾತ್ರ. ಅಡುಗೆ, ಆಂಟಿ."

"ಯಾವ ಆಂಟಿಯಮ್ಮ?" ಇನ್ಸ್‌ಪೆಕ್ಟರು ಕೇಳಿದರು.

"ಯೋಗ ಕ್ಲಾಸ್‌ಗೆ ಊಟ ತರ್ತಾರೆ. ತಿಮ್ಮಮ್ಮ ಆಂಟಿ. ರಾಜೀವನಗರ."

ಯಜಮಾನರ ಪೆನ್ನು ನಿಂತಿತು.

"ಬರೀರಿ ಸ್ವಾಮಿ, ತಿಮ್ಮಮ್ಮ" ಎಂದರು ಇನ್ಸ್‌ಪೆಕ್ಟರು. "ಗಂಡನ ಹೆಸರು ಏನಮ್ಮಾ? ವಿಳಾಸ?"

ಸಚಿಕೋ ಕಣ್ಣು ಮೇಲೆ ಮಾಡಿ ನೆನಪಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಯಜಮಾನರ ಕೈ ತಾನಾಗಿಯೇ ಓಡುತ್ತಿತ್ತು. ಗಂಡ ಮಂಟಯ್ಯ. ಮನೆ ನಂಬರು. ಎಷ್ಟನೇ ಕ್ರಾಸು. ಯಾವ ನೀರಿನ ಟ್ಯಾಂಕಿನ ಹಿಂದೆ. ಯಾರೂ ಹೇಳಿಕೊಡಲಿಲ್ಲ. ಏಳು ಕಾರ್ಡಿನ ಮೂಲೆಯಲ್ಲಿ ಏಳು ವರ್ಷ ಓದಿದ ವಿಳಾಸ.

ಹಾಳೆಯನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ ಇನ್ಸ್‌ಪೆಕ್ಟರು, "ಪಿನ್‌ಕೋಡ್ ಸಮೇತ ಬರೆದುಬಿಟ್ರಲ್ಲ! ಪರಿಚಯಾನಾ?" ಎಂದರು.

"ಮೂವತ್ತು ವರ್ಷದ್ದು" ಎಂದರು ಯಜಮಾನರು. ದನಿ ಎಲ್ಲೋ ಪಂಪ್‌ಹೌಸಿನ ತಳದಿಂದ ಬಂತು.

"ಹಂಗಂತ ಮೊದಲೇ ಹೇಳಬಾರದೇನ್ರೀ? ತಿಮ್ಮಮ್ಮನೋರ ಹತ್ರ ಪರವಾನಗಿ ಇದೆ, ನಾನೇ ನೋಡಿದ್ದೀನಿ. ನಮ್ಮ ಆಫೀಸಿಗೆ ಬುಧವಾರ ಅವರ ಮುದ್ದೆ ಊಟವೇ ಬರೋದು. ಆ ಕೈ ರುಚಿ ಇದೆಯಲ್ಲ.." ಎಂದು ಇನ್ಸ್‌ಪೆಕ್ಟರು ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡರು. ಕೇಸು ಮುಗಿಯಿತು.

ಅಂಗಳದಲ್ಲಿ ಮಾತ್ರ ಆಗ ಶುರುವಾಯಿತು.

"ಅಯ್ಯೋ ಶಿವನೇ!" ಸುಮಿತ್ರಮ್ಮನವರು ಎದೆ ಹಿಡಿದುಕೊಂಡರು. "ಸೋಮವಾರದ ದಿನ ತಿಂದ್ಬುಟ್ನಲ್ಲ!"

"ಯಾಕೆ ಸುಮಿತ್ರಮ್ಮ, ಚೆನ್ನಾಗಿರಲಿಲ್ವಾ?" ನಾನು ಕೇಳಿದೆ.

"ಚೆನ್ನಾಗಿತ್ತು ಕಣಮ್ಮ. ಅದೇ ತೊಂದರೆ. ಚೆನ್ನಾಗಿಲ್ದೇ ಇದ್ದಿದ್ರೆ ಉಗಿದು ಸುಮ್ನಾಗಬೋದಿತ್ತು." ಐದು ನಿಮಿಷ ಶಿವನನ್ನು ಕರೆದ ಮೇಲೆ ಅವರು ಇನ್ಸ್‌ಪೆಕ್ಟರನ್ನು ಗೇಟಿನ ಹತ್ತಿರ ತಡೆದು ನಿಲ್ಲಿಸಿ, ಮೊಮ್ಮಗನ ನಾಮಕರಣಕ್ಕೆ ನೂರೈವತ್ತು ಜನಕ್ಕೆ ಶಾವಿಗೆ ಆಗುತ್ತದೆಯೇ, ಆ ತಿಮ್ಮಮ್ಮನವರ ಫೋನ್ ನಂಬರು ಇದೆಯೇ ಎಂದು ಪಿಸುಗುಟ್ಟುತ್ತಿದ್ದುದನ್ನು ನನ್ನ ಕಿವಿಯಿಂದ ಕೇಳಿದೆ. ಶಿವ ಬೇಗ ಒಪ್ಪಿಗೆ ಕೊಟ್ಟಿದ್ದ.

ಪಾರ್ಕಿನಲ್ಲಿ ಉಪನ್ಯಾಸ ಕೇಳಿದ್ದ ಒಬ್ಬರು, "ಮಹದೇವು ಅವರೇ, ಹಾಗಾದ್ರೆ ಜಪಾನ್ ರಾಜೀವನಗರದಲ್ಲೇ ಬರುತ್ತೆ ಅನ್ನಿ" ಎಂದರು. ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ.

ಆಗ ಸಚಿಕೋ, ಏನೂ ಅರ್ಥವಾಗದೆ, ಅವರ ಎದುರು ಬಂದು ಬಗ್ಗಿದಳು. "ಅಂಕಲ್, ಹುಣ್ಣಿಮೆ ಊಟಕ್ಕೆ ನೀವೂ ಬರ್ತೀರಾ? ನನ್ನನ್ನೂ ಕರೆದಿದ್ದಾರೆ. ಮಂಟಯ್ಯ ಅಂಕಲ್ ಪ್ರತಿ ವರ್ಷ ಎರಡು ತಟ್ಟೆ ಜಾಸ್ತಿ ಇಡ್ತಾರಂತೆ. ಯಾರೋ ಫ್ರೆಂಡ್‌ಗೆ. ಅವರು ಇನ್ನೂ ಬಂದಿಲ್ಲ."

ಯಜಮಾನರು ಎದ್ದು ಹಿತ್ತಲಿಗೆ ಹೋದರು. ತೆಂಗಿನ ಮರಕ್ಕೆ ಪೈಪು ಬಿಟ್ಟು ನಿಂತರು. ಅರ್ಧ ಗಂಟೆಯ ಮೇಲೆ ನೀರು ಚರಂಡಿ ತುಂಬಿ ಬೀದಿಗೆ ಹರಿಯಿತು. ಒಂದು ಕೊಡ ನೀರು ಚೆಲ್ಲಿದರೆ ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ. ನಾನು ಹೋಗಿ ನಲ್ಲಿ ನಿಲ್ಲಿಸಿದೆ.

"ನಿಂಗೆ ಗೊತ್ತಿತ್ತಾ?"

"ಮೊದಲ ತುತ್ತಿಗೇ."

"ಹೇಳ್ಬಾರದಾಗಿತ್ತಾ?"

"ನೀವು ಜಪಾನ್ ಅಂದ್ರಿ. ಗಂಡನ ಮಾತಿಗೆ ಎದುರಾಡಬಾರದು ಅಂತ ಸುಮ್ನಿದ್ದೆ."

ನಲವತ್ತೈದು ವರ್ಷದ ಸಂಸಾರದಲ್ಲಿ ನಾನು ಹಾಗೆ ಸುಮ್ಮನಿದ್ದದ್ದು ಅದೊಂದೇ ಸಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಡಬ್ಬಿ ಮೇಲೆ ನನ್ನ ಹೆಸ್ರದೆ" ಎಂದರು. "ಒಂದೂವರೆ ತಿಂಗಳಿಂದ ಮಂಟಯ್ಯ ನೋಡ್ತಾವ್ನೆ. ನಗಾಡ್ತಿದ್ದನೇನೋ."

"ನಗಾಡೋರು ಡಬ್ಬಿ ತುಂಬಿ ಕಳಿಸ್ತಾರೇನ್ರೀ?"

ಅವರು ಪೈಪನ್ನು ಸುತ್ತಿ ತೆಂಗಿನ ಬುಡಕ್ಕೆ ಒರಗಿಸಿದರು. ಆಮೇಲೆ, "ಮಧ್ಯಾಹ್ನ ಬಂದ ಡಬ್ಬೀಲಿ ಇನ್ನೂ ಅದಾ?" ಎಂದರು.

ಇತ್ತು. ತಟ್ಟೆಗೆ ಹಾಕಿ, ಕಾಯಿಹಾಲು ಬಿಟ್ಟು ಕೊಟ್ಟೆ. ಈ ಸಲ ಕಣ್ಣು ಮುಚ್ಚಲಿಲ್ಲ. ಇದು ಯಾರ ಮನೆಯದೆಂದು ಒಂದೊಂದು ಎಳೆಗೂ ಹೇಳಿಕೊಳ್ಳುವವರಂತೆ, ನೋಡಿಕೊಂಡು, ಅಗಿದು, ನುಂಗಿದರು. ಆಕಾಶ ಬೀಳಲಿಲ್ಲ. ಲಕ್ಷ್ಮಿಯೂ ಎದ್ದು ಹೋಗಲಿಲ್ಲ.

"ಹೇಗಿದೇರೀ?" ಎಂದೆ.

"ಜಪಾನಿಗಿಂತ ವಾಸಿ" ಎಂದು ತಟ್ಟೆ ಚಾಚಿದರು. "ಇನ್ನೊಂಚೂರು ಹಾಕು."

ಮಾರನೆಯ ಬೆಳಗ್ಗೆ ಪಾರ್ಕಿಗೆ ಹೋಗಲಿಲ್ಲ. ಮೇಜಿನ ಮುಂದೆ ಕೂತು ಕಾಗದ ಬರೆದರು. ಮೊದಲನೆಯದರಲ್ಲಿ ನಾಲ್ಕು ಪುಟ. ಏಳು ವರ್ಷದಲ್ಲಿ ತಮಗೆ ಬಂದ ಮೊಣಕಾಲು ನೋವು, ನನಗೆ ಬಂದ ಕೆಮ್ಮು, ಅಂಚೆಯ ಅವ್ಯವಸ್ಥೆ, ಎಲ್ಲ ಇತ್ತು. ನಾನು ರಾತ್ರಿ ಶಾಲೆಯ ಮೇಷ್ಟ್ರ ಹಾಗೆ ಕೆಂಪು ಪೆನ್ನು ಹಿಡಿದು ಕೂತೆ.

"ನಂಗ್ಯಾವಾಗ್ರೀ ಕೆಮ್ಮು ಬಂದಿತ್ತು?"

"ಬಂದಿದ್ರೆ ಬರಲಿ ಬುಡೇ, ಒಕ್ಕಣೆಗೆ."

ಕೆಮ್ಮನ್ನು ಹೊಡೆದುಹಾಕಿದೆ. ಮೊಣಕಾಲನ್ನೂ ಹೊಡೆದುಹಾಕಿದೆ. ಎರಡನೆಯದರಲ್ಲಿ ಜಪಾನಿನ ಇತಿಹಾಸವಿತ್ತು, ಅದೂ ಹೋಯಿತು. ಮೂರನೆಯದು "ಮಂಟಯ್ಯನಿಗೆ" ಎಂದು ಶುರುವಾಗಿತ್ತು. ಅವರೇ ಅದನ್ನು ಹರಿದರು. ನಾಲ್ಕನೆಯದಕ್ಕೆ ಒಂದು ಕಾರ್ಡು ಸಾಕಾಯಿತು. ನನ್ನ ಕೆಂಪು ಪೆನ್ನಿಗೆ ಅದರಲ್ಲಿ ಕೆಲಸವಿರಲಿಲ್ಲ.

"ಶ್ರೀ ಮಂಟಯ್ಯನವರಿಗೆ ಮಹದೇವು ಮಾಡುವ ನಮಸ್ಕಾರ. ಹುಣ್ಣಿಮೆಗೆ ನಾವಿಬ್ಬರೂ ಬರುತ್ತೇವೆ. ಏಳು ವರ್ಷ ಬರೆಯದೆ ಇದ್ದದ್ದು ನನ್ನ ತಪ್ಪು, ಬೇರೆ ಕಾರಣವಿಲ್ಲ. ನಿಮ್ಮ ಮನೆಯ ಅನ್ನ ತಿಳಿಯದೆ ಉಂಡೆ. ಇನ್ನು ತಿಳಿದು ಉಣ್ಣಬೇಕೆಂದಿದ್ದೇನೆ. ತಟ್ಟೆ ಇಟ್ಟಿರಿ."

ಅಂಚೆ ಕಚೇರಿಯ ತನಕ ಅವರೇ ಹಿಡಿದುಕೊಂಡು ನಡೆದರು. ಕೆಂಪು ಡಬ್ಬದ ಬಾಯಿಗೆ ಕಾರ್ಡನ್ನು ಇಟ್ಟರು. ಬಿಡಲಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ.

"ಅಲ್ಲ ಕಣೇ, ಒಕ್ಕಣೆ ಸ್ವಲ್ಪ ಗಿಡ್ಡ ಆಗ್ಲಿಲ್ವಾ?"

ಹಿಂದೆ ಅರ್ಜಿಯೋ ಏನೋ ಲಕೋಟೆ ಹಿಡಿದು ನಿಂತಿದ್ದ ಕಾಲೇಜಿನ ಹುಡುಗಿಯೊಬ್ಬಳು, "ತಾತ, ಬಸ್ ಹೋಗುತ್ತೆ, ಬೇಗ ಹಾಕಿ" ಎಂದಳು.

ಯಜಮಾನರು ಕೈಬಿಟ್ಟರು. ಬಗ್ಗಿ ಡಬ್ಬದ ಬಾಯಿಯೊಳಗೆ ಇಣುಕಿ, ಬಿದ್ದದ್ದು ಖಾತ್ರಿ ಮಾಡಿಕೊಂಡು, ಪಂಚೆ ಕೊಡವಿ ನೆಟ್ಟಗೆ ನಿಂತರು.

"ನಂದು ಆಯ್ತು. ಇನ್ನು ಜವಾಬು ಬರೀಬೇಕಾದ್ದು ಮಂಟಯ್ಯನೋರು. ನೋಡವಾ, ಅವ್ರು ಎಷ್ಟು ದಿನ ಎಳೀತಾರೆ!" ಎಂದು ನನಗಿಂತ ನಾಲ್ಕು ಹೆಜ್ಜೆ ಮುಂದಾಗಿ ನಡೆದರು.